ಫೋಟೊ ಪೂರ್ತಿ ಸೈಜಿನಲ್ಲಿ ತೆರೆಯಲು ನಿಮಗೆ ಎಲ್ಲಿ ತೊಡಕಾಗುತ್ತಿದೆ? ಹೇಳಿ

ಕಲ್ಲುಬರಹ_ಹಾಸನ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಶಾಸನ, ವೀರಗಲ್ಲು, ಮಾಸ್ತಿಕಲ್ಲು, ಹಳೇ ಗುಡಿಗಳ ಫೋಟೊಗಳನ್ನು ನಾವೊಂದಿಷ್ಟು ಜನ ಸೇರಿ ಒಂದೇ ಕಡೆ ಹಾಕುತ್ತಾ ಬಂದಿರುವುದು ನಿಮಗೆ ಗೊತ್ತಿದೆ. ಮೊದಲು ಫೋಟೊ ಒತ್ತಿದರೆ ನೇರವಾಗಿ ಒರಿಜಿನಲ್ ತೆರೆದುಕೊಳ್ಳುತ್ತಿತ್ತು. ಹೋದ ತಿಂಗಳಿಂದ ಹೊಸ ವ್ಯೂವರ್ ಹಾಕಿದ್ದೇವೆ. ಈಗ ಒತ್ತಿದರೆ ಕಪ್ಪು ಪರದೆ ಮೇಲೆ ಫೋಟೊ ಬರುತ್ತದೆ, ಪಕ್ಕಕ್ಕೆ ಸರಿಸಿದರೆ ಮುಂದಿನದು ಬರುತ್ತದೆ. ನೋಡಲು ಚೆನ್ನಾಗಿದೆ.

ಆದರೆ ಅವತ್ತಿನಿಂದ ದಿನಕ್ಕೊಬ್ಬರಾದರೂ ಫೋನ್ ಮಾಡಿ "ಒರಿಜಿನಲ್ ಎಲ್ಲಿ ಹೋಯಿತು?" ಅಂತ ಕೇಳುತ್ತಿದ್ದಾರೆ. ಅದು ಎಲ್ಲೂ ಹೋಗಿಲ್ಲ. ಮೇಲಿನ ಮೂಲೆಯ ಮೂರು ಚುಕ್ಕಿ ಒತ್ತಬೇಕು, ಆಮೇಲೆ "ವಿವರ", ಅದರ ತಳದಲ್ಲಿ "ಮೂಲ ಕಡತ". ನಾವೇ ಇಟ್ಟಿದ್ದರಿಂದ ನಮಗೆ ಗೊತ್ತು. ಹೊರಗಿನವರಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಹೆಚ್ಚಿನ ಫೋಟೊಗಳು 6000 × 4000, ಅಂದರೆ 2.4 ಕೋಟಿ ಪಿಕ್ಸೆಲ್. ವ್ಯೂವರ್ ತೋರಿಸುವುದು 1200 ಅಗಲದ್ದು ಮಾತ್ರ. ಮುಂದಿನ ತಿಂಗಳು ಇದನ್ನು ಸರಿ ಮಾಡಬೇಕು ಅಂತಿದ್ದೇವೆ. ನೀವು ಯಾವುದರಲ್ಲಿ ನೋಡುತ್ತೀರಿ, ಯಾತಕ್ಕೆ ನೋಡುತ್ತೀರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಇಷ್ಟು ಹೇಳಿ. "ಚೆನ್ನಾಗಿದೆ ಸರ್" ಅನ್ನುವುದು ಬೇಡ. ಬೈದರೂ ಪರವಾಗಿಲ್ಲ, ಎಲ್ಲಿ ಅಂತ ಹೇಳಿ ಬೈಯಿರಿ.

ಅರಸೀಕೆರೆ_ಮೇಷ್ಟ್ರು

ಆ ಮೂರು ಚುಕ್ಕಿ ಒತ್ತುವ ಜಾಗ ಅಂತ ನನಗೆ ಇವತ್ತೇ ಗೊತ್ತಾಗಿದ್ದು.

ಲಿಪಿ_ಓದುವವ

ಕೇಳಿದ್ದು ಒಳ್ಳೆಯದಾಯಿತು. ನಾನು ಮೂರು ವಾರದಿಂದ ಒದ್ದಾಡುತ್ತಿದ್ದೇನೆ.

ನನ್ನ ಕೆಲಸ ಶಾಸನ ಓದುವುದು. ಅಚ್ಚಾದ ಪಾಠ ಪಕ್ಕದಲ್ಲಿಟ್ಟುಕೊಂಡು ಕಲ್ಲಿನ ಫೋಟೊ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತೇನೆ. ಶಾಸನಗಳ ಪಾಠ ಅಚ್ಚಾಗಿರುವುದು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಸಂಪುಟಗಳಲ್ಲಿ. ಹಾಸನಕ್ಕೆ ಅದರ 5ನೇ ಸಂಪುಟ, ಚಿಕ್ಕಮಗಳೂರಿಗೆ 6ನೆಯದು. ಅದರಲ್ಲಿ ಎಷ್ಟೋ ಕಡೆ ಚುಕ್ಕಿ ಚುಕ್ಕಿ ಹಾಕಿ ಬಿಟ್ಟಿರುತ್ತಾರೆ, ಸವೆದು ಓದಲಾಗಿಲ್ಲ ಅಂತ. ಅಂಥ ಜಾಗವನ್ನೇ ನಾನು ಹುಡುಕುವುದು.

ಈಗ ಲೆಕ್ಕ ಹಾಕಿ. ಒಂದು ಮೀಟರ್ ಅಗಲದ ಕಲ್ಲು ಫೋಟೊದ ಪೂರ್ತಿ ಅಗಲ ತುಂಬಿದೆ ಅಂದುಕೊಳ್ಳಿ. ಒರಿಜಿನಲ್‌ನಲ್ಲಿ ಒಂದು ಮಿಲಿಮೀಟರಿಗೆ 6 ಪಿಕ್ಸೆಲ್ ಸಿಗುತ್ತದೆ. ನಿಮ್ಮ ವ್ಯೂವರಿನಲ್ಲಿ ಒಂದು ಚಿಲ್ಲರೆ. ಉಳಿ ಹೊಡೆದ ಗೆರೆ ಮೂರು ಮಿಲಿಮೀಟರ್ ಇದ್ದರೆ ಅಲ್ಲಿ 18 ಪಿಕ್ಸೆಲ್, ಇಲ್ಲಿ ಮೂರೂವರೆ. ಅಕ್ಷರದ ಪಕ್ಕದ ಗುಳಿ ಸೊನ್ನೆಯೋ ಅಥವಾ ಕಲ್ಲಿನ ಚಕ್ಕೆ ಎದ್ದದ್ದೋ ಅಂತ ನೋಡಬೇಕು. ಸೊನ್ನೆ ಆದರೆ ಒಳಗಿನ ಅಂಚು ದುಂಡಗೆ ಇರುತ್ತದೆ. ಚಕ್ಕೆ ಆದರೆ ಒಂದು ಕಡೆ ಚೂಪಾಗಿ ಓಡಿರುತ್ತದೆ. ಮೂರೂವರೆ ಪಿಕ್ಸೆಲ್‌ನಲ್ಲಿ ಎರಡೂ ಒಂದೇ ಕಪ್ಪು ಮಚ್ಚೆ. ಜೂಮ್ ಮಾಡುತ್ತಾ ಹೋಗುತ್ತೇನೆ, ಇನ್ನೇನು ಕಾಣಬೇಕು, ಅಷ್ಟರಲ್ಲಿ ಮಂಜು ಮಂಜು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗೆ.

ಜೂಮ್ ಇದೆ ಅಂತ ತೋರಿಸಿ ಒಳಗೆ ಸಣ್ಣ ಫೋಟೊ ಇಡುವುದು ತಪ್ಪು. ನೋಡುವವರು ಕಲ್ಲೇ ಸವೆದಿದೆ ಅಂದುಕೊಂಡು ಸುಮ್ಮನಾಗುತ್ತಾರೆ.

ಹಳೇಪುಸ್ತಕ

ಒಂದು ತಿದ್ದುಪಡಿ. 5 ಮತ್ತು 6 ಅನ್ನುವುದು ಈ ಸಂಪುಟಗಳನ್ನು ಮೊದಲು ಹೊರತಂದ ಬಿ.ಎಲ್. ರೈಸ್ ಕಾಲದ ಹಳೇ ಸಂಖ್ಯೆ. ಆಗ ಚಿಕ್ಕಮಗಳೂರು ಕಡೆಯದೆಲ್ಲ ಕಡೂರು ಜಿಲ್ಲೆ ಅಂತ ಇತ್ತು. ಮೈಸೂರಿನಿಂದ ಬಂದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆ ಬೇರೆ. ಫೋಟೊ ಕೆಳಗೆ ಯಾವ ಆವೃತ್ತಿ ಅಂತ ಹಾಕದಿದ್ದರೆ ಹುಡುಕುವವರು ದಾರಿ ತಪ್ಪುತ್ತಾರೆ.

ಲಿಪಿ_ಓದುವವ

ಸರಿ, ನಾನು ಹೇಳಿದ್ದು ಹಳೆಯದರ ಸಂಖ್ಯೆಯೇ.

ತೋಟದಮನೆ_ಮೂಡಿಗೆರೆ

ನನ್ನದು ಪೂರ್ತಿ ಉಲ್ಟಾ ಮಾತು. ದಯವಿಟ್ಟು ಒತ್ತಿದ ತಕ್ಷಣ ಒರಿಜಿನಲ್ ತೆರೆಯುವ ಹಾಗೆ ಮತ್ತೆ ಮಾಡಬೇಡಿ.

ನಮ್ಮ ತೋಟದಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಅದೂ ಇಲ್ಲ. ಮೊದಲು ನಿಮ್ಮ ಒಂದು ಫೋಟೊ ಒತ್ತಿದರೆ ಏಳೆಂಟು ಎಂಬಿ ಎಳೆಯುತ್ತಿತ್ತು. ಮೇಲಿಂದ ಒಂದೊಂದೇ ಪಟ್ಟಿ ಇಳಿಯುವುದನ್ನು ನೋಡುತ್ತಾ ನಿಲ್ಲಬೇಕಿತ್ತು. ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ. ಹತ್ತು ಫೋಟೊ ನೋಡುವಷ್ಟರಲ್ಲಿ ದಿನದ ಡಾಟಾ ಖಾಲಿ. ಹೊಸ ವ್ಯೂವರ್ ಬಂದ ಮೇಲೆ ನಾನು ನೆಮ್ಮದಿಯಿಂದ ನೋಡುತ್ತಿದ್ದೇನೆ. ಅಂಗಡಿಯ ವಾಸಂತಿಕಾ ಗುಡಿ ಕಡೆಯ ಫೋಟೊಗಳನ್ನೆಲ್ಲ ಒಂದೇ ಸಂಜೆ ನೋಡಿದೆ.

ಲಿಪಿ_ಓದುವವ

ನೋಡುವುದು ಬೇರೆ, ಓದುವುದು ಬೇರೆ ಅಣ್ಣ.

ತೋಟದಮನೆ_ಮೂಡಿಗೆರೆ

ನೋಡುವವರೇ ಜಾಸ್ತಿ ಜನ ಅಲ್ವಾ? ಒಬ್ಬರು ಓದಲು ನೂರು ಜನರ ಡಾಟಾ ಯಾಕೆ ಸುಡಬೇಕು?

ಸಕಲೇಶಪುರ_ಘಾಟಿ

ಇಬ್ಬರೂ ಸುಮ್ನೆ ಜಗಳ ಆಡುತ್ತಿದ್ದೀರಿ. ತೆರೆಯುವುದು ಸಣ್ಣದೇ ಇರಲಿ. ಪಕ್ಕದಲ್ಲೇ ಒಂದು ಬಟನ್. ಅದರ ಮೇಲೆ "ಪೂರ್ತಿ ಫೋಟೊ, 7 ಎಂಬಿ" ಅಂತ ಬರೆದಿರಲಿ. ಎಷ್ಟು ಭಾರ ಅಂತ ಮೊದಲೇ ಗೊತ್ತಿದ್ದರೆ ಒತ್ತುವುದೋ ಬಿಡುವುದೋ ಅವರವರ ಇಷ್ಟ.

ತೋಟದಮನೆ_ಮೂಡಿಗೆರೆ

ಇದಕ್ಕೆ ನನ್ನ ಒಪ್ಪಿಗೆ ಇದೆ. ಎಂಬಿ ಬರೆದೇ ಇರಬೇಕು.

ಗಿರಿಯ_ಕ್ಯಾಮೆರಾ

ನಾನು ಚಿಕ್ಕಮಗಳೂರಿನವನು, ಫೋಟೊ ತೆಗೆಯುವುದೇ ನನ್ನ ಹೊಟ್ಟೆಪಾಡು. ನಿಮ್ಮ ಸಂಗ್ರಹಕ್ಕೂ ಕೆಲವು ಕೊಟ್ಟಿದ್ದೇನೆ. ಪೂರ್ತಿ ಸೈಜ್ ಎಲ್ಲರಿಗೂ ತೆರೆದಿಡುವುದು ನನಗೆ ಒಪ್ಪಿಗೆ ಇಲ್ಲ.

ಮುಳ್ಳಯ್ಯನಗಿರಿಯಲ್ಲಿ ಸೂರ್ಯ ಹುಟ್ಟುವ ಹೊತ್ತಿನ ಒಂದು ಫೋಟೊ ತೆಗೆದಿದ್ದೆ. ನಾಲ್ಕು ದಿನ ಬೆಳಗಿನ ಜಾವ ಮೂರಕ್ಕೆ ಎದ್ದು ಹೋಗಿದ್ದೆ. ಮೂರು ದಿನ ಬರೀ ಮಂಜು. ನಾಲ್ಕನೇ ದಿನ ಸಿಕ್ಕಿತು. ಎರಡು ತಿಂಗಳಾದ ಮೇಲೆ ನೋಡಿದರೆ ಒಂದು ಹೋಮ್‌ಸ್ಟೇ ಬೋರ್ಡಿನ ಮೇಲೆ ಹತ್ತು ಅಡಿ ಅಗಲಕ್ಕೆ ನಿಂತಿದೆ. ಕೇಳಿದರೆ "ನೆಟ್‌ನಲ್ಲಿ ಸಿಕ್ಕಿತು" ಅಂದರು. ಸಣ್ಣ ಸೈಜಿನಿಂದ ಅಷ್ಟು ದೊಡ್ಡ ಬೋರ್ಡ್ ಮಾಡಲಾಗುತ್ತಿರಲಿಲ್ಲ. ಒರಿಜಿನಲ್ ಕೈಗೆ ಸಿಕ್ಕಿದ್ದರಿಂದಲೇ ಹಾಗಾಯಿತು.

ವ್ಯೂವರಿನಲ್ಲಿ ಸಣ್ಣದು ಇರಲಿ. ಮಧ್ಯದಲ್ಲಿ ಹೆಸರಿನ ಮುದ್ರೆ ಇರಲಿ. ಬೇಕಾದವರು ಕೇಳಿ ಪಡೆಯಲಿ.

ಲಿಪಿ_ಓದುವವ

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಶಾಸನದ ನಡು ಸಾಲಿನ ಮೇಲೆ ಮುದ್ರೆ ಹೊಡೆದರೆ ಆ ಫೋಟೊ ಯಾತಕ್ಕೆ ಬಂತು? ಕಲ್ಲು ಯಾರ ಸ್ವತ್ತೂ ಅಲ್ಲ. ಒಂಬೈನೂರು ವರ್ಷದ ಹಿಂದೆ ಊರಿನವರೆಲ್ಲ ಓದಲಿ ಅಂತಲೇ ಕೆರೆ ಏರಿ ಮೇಲೆ, ಗುಡಿ ಮುಂದೆ ನಿಲ್ಲಿಸಿದ್ದು.

ಗಿರಿಯ_ಕ್ಯಾಮೆರಾ

ಕಲ್ಲು ಊರಿನದು. ಫೋಟೊ ನನ್ನದು.

ಕಲ್ಲುಬರಹ_ಹಾಸನ

ಇಬ್ಬರ ಮಾತಿಗೂ ಬೆಲೆ ಇದೆ. ಸದ್ಯಕ್ಕೆ ನಾವು ಅಪ್‌ಲೋಡ್ ಮಾಡುವಾಗ ಇದನ್ನು ಕೇಳುವುದೇ ಇಲ್ಲ, ಅದು ನಮ್ಮ ತಪ್ಪು. ಪೂರ್ತಿ ಸೈಜ್ ಕೊಡಬಹುದೋ ಬೇಡವೋ ಅಂತ ತೆಗೆದವರೇ ಆರಿಸುವ ಹಾಗೆ ಮಾಡುತ್ತೇವೆ. ಆದರೆ ಶಾಸನದ ಫೋಟೊಗೆ ಮುದ್ರೆ ಹಾಕಲು ನಾನಂತೂ ಒಪ್ಪುವುದಿಲ್ಲ. ಹೆಸರು ಕೆಳಗೆ ಪಟ್ಟಿಯಲ್ಲಿ ದೊಡ್ಡದಾಗಿ ಬರುತ್ತದೆ.

ಬೇಲೂರು_ಗೈಡ್

ನಾನು ಬೇಲೂರು ಗುಡಿಯಲ್ಲಿ ಜನರಿಗೆ ತೋರಿಸಿ ವಿವರಿಸುವ ಕೆಲಸ ಮಾಡುತ್ತೇನೆ. ಈ ವಿಷಯ ನನಗೆ ದಿನಾ ಎದುರಾಗುತ್ತದೆ.

ಚೆನ್ನಕೇಶವ ಗುಡಿಯಲ್ಲಿ 42 ಮದನಿಕೆಯರು. 38 ಹೊರಗೆ, 4 ಒಳಗೆ. ಹೊರಗಿನವರು ಎತ್ತರದಲ್ಲಿ, ಸೂರಿನ ನೆರಳಿನಲ್ಲಿ ಇದ್ದಾರೆ. ಒಬ್ಬಳ ತಲೆ ಮೇಲಿನ ಬಳ್ಳಿಯಲ್ಲಿ ಒಂದು ಹಣ್ಣು, ಹಣ್ಣಿನ ಮೇಲೆ ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ. ಕೆಳಗೆ ನಿಂತು ಬೆರಳು ತೋರಿಸಿ ಹೇಳುತ್ತೇನೆ. ಎಲ್ಲರೂ "ಹೂಂ, ಹೂಂ" ಅನ್ನುತ್ತಾರೆ. ಕಂಡಿಲ್ಲ ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತದೆ.

ಆಮೇಲೆ ನನ್ನ ಟ್ಯಾಬ್ ತೆಗೆದು ನಿಮ್ಮ ಒರಿಜಿನಲ್ ಫೋಟೊ ದೊಡ್ಡದು ಮಾಡಿ ತೋರಿಸುತ್ತೇನೆ. ಮೊದಲು ಮುಖ. ಆಮೇಲೆ ಬಳ್ಳಿ. ಆಮೇಲೆ ಹಣ್ಣು. ಹಲ್ಲಿಯ ಬಾಲ ಕಂಡ ತಕ್ಷಣ ಮಕ್ಕಳು ಕೂಗುತ್ತಾರೆ. ಆಮೇಲೆ ಎಲ್ಲರೂ ತಲೆ ಎತ್ತಿ ಮತ್ತೆ ಕಲ್ಲನ್ನೇ ನೋಡುತ್ತಾರೆ. ಈಗ ಅವರಿಗೆ ನಿಜವಾಗಿ ಕಾಣುತ್ತದೆ. ಈ ಒಂದು ಗಳಿಗೆಗಾಗಿ ನಾನು ಈ ಕೆಲಸ ಮಾಡುವುದು.

ಹೊಸ ವ್ಯೂವರಿನಲ್ಲಿ ಹಣ್ಣಿನವರೆಗೆ ಹೋಗಬಹುದು. ಹಲ್ಲಿ ಬರುವಷ್ಟರಲ್ಲಿ ಮಂಜಾಗುತ್ತದೆ. ಹೋದ ವಾರ ತುಮಕೂರಿನಿಂದ ಬಂದ ಶಾಲೆ ಮಕ್ಕಳ ಮುಂದೆ ಹೀಗಾಯಿತು. ಬಹಳ ಬೇಜಾರಾಯಿತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ದೂರದಿಂದ ಫೋಟೊ ನೋಡುವವರೂ ಜಾಸ್ತಿ ಆಗಿದ್ದಾರೆ. ಅವರಿಗೆ ಬಳಪದ ಕಲ್ಲಿನ ಕೆತ್ತನೆ ಎಷ್ಟು ಸಣ್ಣದು ಅಂತ ತೋರಿಸಬೇಕಾದರೆ ಪೂರ್ತಿ ಸೈಜೇ ಬೇಕು.

ಕೋಡ್_ಕಾಫಿ

ಎಲ್ಲರ ತೊಂದರೆಗೂ ಒಂದು ದಾರಿ ಇದೆ. ಫೋಟೊವನ್ನು ಚೂರು ಚೂರು ಮಾಡಿ ಇಡುವುದು. ಗೂಗಲ್ ಮ್ಯಾಪ್ ಹೇಗೆ ನೀವು ನೋಡುವ ಜಾಗವನ್ನು ಮಾತ್ರ ತರುತ್ತದೋ ಹಾಗೆ.

6000 × 4000 ಫೋಟೊವನ್ನು 512 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿದರೆ ಅಡ್ಡಕ್ಕೆ 12, ಉದ್ದಕ್ಕೆ 8, ಒಟ್ಟು 96 ಚೂರು. ಜೊತೆಗೆ ಅದೇ ಫೋಟೊದ ಸಣ್ಣ ಅಳತೆಗಳನ್ನೂ ಹೀಗೇ ಕತ್ತರಿಸಿ ಇಡುತ್ತಾರೆ. ಮೊದಲು ಸಣ್ಣದು ಬರುತ್ತದೆ. ಹಲ್ಲಿ ಇರುವ ಮೂಲೆಗೆ ಜೂಮ್ ಮಾಡಿದರೆ ಆ ಮೂಲೆಯ ಹದಿನೈದು ಇಪ್ಪತ್ತು ಚೂರು ಮಾತ್ರ ಇಳಿಯುತ್ತವೆ. ಮೂಡಿಗೆರೆ ಅಣ್ಣನ ಡಾಟಾ ಉಳಿಯುತ್ತದೆ, ಬೇಲೂರಿನವರಿಗೆ ಹಲ್ಲಿ ಸಿಗುತ್ತದೆ.

ಹೀಗೆ ಚೂರು ಚೂರಾಗಿ ತೋರಿಸಲು ಓಪನ್‌ಸೀಡ್ರ್ಯಾಗನ್ ಅಂತ ಒಂದು ವ್ಯೂವರ್ ಇದೆ, ಉಚಿತ. ದೊಡ್ಡ ದೊಡ್ಡ ಗ್ರಂಥಾಲಯಗಳು ಟ್ರಿಪಲ್ ಐ ಎಫ್ ಅನ್ನುವ ಪದ್ಧತಿ ಪಾಲಿಸುತ್ತವೆ. ಅದರಲ್ಲಿ ಫೋಟೊದ ಯಾವ ಭಾಗ ಬೇಕು, ಎಷ್ಟು ದೊಡ್ಡದು ಬೇಕು ಅಂತ ವಿಳಾಸದಲ್ಲೇ ಬರೆದು ಕೇಳಬಹುದು. ಒಂದೇ ಸಾಲಿನ ಲಿಂಕ್ ಮಾಡಿ ಇನ್ನೊಬ್ಬರಿಗೆ ಕಳಿಸಬಹುದು.

ಲಿಪಿ_ಓದುವವ

ಒಂದೇ ಸಾಲಿನ ಲಿಂಕ್! ಇದು ನನಗೆ ತುಂಬಾ ಬೇಕಿತ್ತು. ಆದರೂ ಡೌನ್‌ಲೋಡ್ ಬೇಕೇ ಬೇಕು. ಬೆಳಕು, ಕಪ್ಪು ಬಿಳುಪು ಹೆಚ್ಚು ಕಡಿಮೆ ಮಾಡಿ ನೋಡುವುದು ನನ್ನ ಕಂಪ್ಯೂಟರಿನಲ್ಲೇ ಆಗಬೇಕು.

ಕೋಡ್_ಕಾಫಿ

ಹೌದು, ಎರಡೂ ಇರಲಿ. ಚೂರು ಮಾಡಿದ್ದೇವೆ ಅಂತ ಡೌನ್‌ಲೋಡ್ ತೆಗೆದುಹಾಕುವವರು ಇದ್ದಾರೆ. ಹಾಗೆ ಮಾಡಬಾರದು.

ಕಾಯಿಕೊರಕ_ಬಾಳೆಹೊನ್ನೂರು

ನಾನು ಕಾಫಿ ಬೆಳೆಗಾರ. ಶಾಸನ ಗೊತ್ತಿಲ್ಲ, ಆದರೆ ತೊಂದರೆ ಒಂದೇ.

ನಮ್ಮ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ರೋಗದ ಫೋಟೊ ಹಾಕಿ "ಇದು ಏನು?" ಅಂತ ಕೇಳುತ್ತಾರೆ. ಕಾಯಿಕೊರಕ ಹುಳ ಒಂದೂವರೆ ಎರಡು ಮಿಲಿಮೀಟರ್ ಅಷ್ಟೇ. ಕಾಯಿಯ ತುದಿಯಲ್ಲಿ, ಹೊಕ್ಕುಳ ಹತ್ತಿರ ಗುಂಡುಸೂಜಿ ಚುಚ್ಚಿದ ಹಾಗೆ ತೂತು ಇರುತ್ತದೆ. ಆ ತೂತು ಕಂಡರೆ ಕಾಯಿಕೊರಕ ಅಂತ ಗೊತ್ತಾಗುತ್ತದೆ. ವಾಟ್ಸಾಪ್ ಫೋಟೊ ಹಿಂಡಿ ಕಳಿಸುವುದರಿಂದ ತೂತೂ ಇಲ್ಲ, ಹೊಕ್ಕುಳೂ ಇಲ್ಲ. ಒಬ್ಬರು ತುಕ್ಕು ರೋಗ ಅನ್ನುತ್ತಾರೆ, ಇನ್ನೊಬ್ಬರು ಬಿಸಿಲು ಹೊಡೆದಿದೆ ಅನ್ನುತ್ತಾರೆ. ಹೋದ ವರ್ಷ ನಾನೇ ಹೀಗೆ ಹತ್ತು ದಿನ ಕಳೆದುಕೊಂಡೆ. ಅಷ್ಟರಲ್ಲಿ ಪಕ್ಕದ ಪಟ್ಟೆಗೂ ಹಬ್ಬಿತ್ತು.

ಈಗ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ರೋಗದ ಫೋಟೊ ಆದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಬೇಕು. ಇದ್ದ ಹಾಗೇ ಹೋಗುತ್ತದೆ.

ಅರಸೀಕೆರೆ_ಮೇಷ್ಟ್ರು

ಈ ಡಾಕ್ಯುಮೆಂಟ್ ವಿಷಯ ಬಹಳ ಉಪಯೋಗ ಆಯಿತು. ನಮ್ಮೂರಿನ ವೀರಗಲ್ಲಿನ ಫೋಟೊ ಕಳಿಸಲು ಇದೇ ಮಾಡುತ್ತೇನೆ. ಅಕ್ಷರ ಸರಿಯಾಗಿ ಕಾಣಲಿ ಅಂತ ರಂಗೋಲಿ ಪುಡಿ ತುಂಬಿ ತೆಗೆಯಲೇ?

ಲಿಪಿ_ಓದುವವ

ಬೇಡ ಮೇಷ್ಟ್ರೇ, ಖಂಡಿತ ಬೇಡ. ಪುಡಿಯೂ ಬೇಡ, ಎಣ್ಣೆಯೂ ಬೇಡ, ಸೀಮೆಸುಣ್ಣದಿಂದ ತಿದ್ದುವುದೂ ಬೇಡ. ನೀವು ತಿದ್ದಿದ ಗೆರೆಯೇ ಫೋಟೊದಲ್ಲಿ ಉಳಿಯುತ್ತದೆ, ಕಲ್ಲಿನ ಗೆರೆ ಅಲ್ಲ. ಬರೀ ನೀರು, ಮೆತ್ತನೆಯ ಬ್ರಷ್ ಸಾಕು.

ಬೆಳಕು ಓರೆಯಾಗಿ ಬೀಳಬೇಕು, ಅದೇ ಗುಟ್ಟು. ಬೆಳಿಗ್ಗೆ ಏಳರ ಬಿಸಿಲು ಪಕ್ಕದಿಂದ ಬಿದ್ದರೆ ಅಕ್ಷರ ತಾನೇ ಎದ್ದು ನಿಲ್ಲುತ್ತದೆ. ಬಿಸಿಲು ಬೀಳದ ಕಡೆ ಒಂದು ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ತಿರುಗಿಸಿ. ರಾತ್ರಿ ಟಾರ್ಚನ್ನು ಕಲ್ಲಿಗೆ ಅಂಟಿಸಿದ ಹಾಗೆ ಪಕ್ಕದಲ್ಲಿ ಹಿಡಿದರೂ ಆಗುತ್ತದೆ.

ಗಿರಿಯ_ಕ್ಯಾಮೆರಾ

ಇದು ನೂರಕ್ಕೆ ನೂರು ನಿಜ. ಅಮೃತಾಪುರದಲ್ಲಿ ನಾನು ಹೀಗೇ ತೆಗೆದದ್ದು. ಮೇಷ್ಟ್ರೇ, ಫ್ಲಾಶ್ ಮಾತ್ರ ಹಾಕಬೇಡಿ.

ತರೀಕೆರೆ_ಅಮ್ಮ

ಒಂದು ವಿಷಯ ಯಾರೂ ಎತ್ತಲಿಲ್ಲ. ಒರಿಜಿನಲ್ ಫೋಟೊದ ಒಳಗೆ ತೆಗೆದ ಜಾಗದ ಗುರುತು ಕೂತಿರುತ್ತದೆ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶ ಸಮೇತ. ನಮ್ಮ ಕಡೆ ಕಾಡಿನ ಅಂಚಿನಲ್ಲಿ ಪಾಳು ಬಿದ್ದ ಗುಡಿಗಳಿವೆ. ನಿಧಿ ಆಸೆಗೆ ರಾತ್ರಿ ಬಂದು ಅಗೆಯುತ್ತಾರೆ. ನಮ್ಮೂರ ಗುಡಿಯ ನಂದಿ ಬುಡ ಅಗೆದು ಉರುಳಿಸಿದ್ದನ್ನು ನಾನೇ ಬೆಳಿಗ್ಗೆ ಹೋಗಿ ನೋಡಿದ್ದೇನೆ. ಮಣ್ಣಿನ್ನೂ ಹಸಿಯಾಗಿತ್ತು. ಹಿಂದಿನ ಶುಕ್ರವಾರ ಹಚ್ಚಿದ ದೀಪದ ಎಣ್ಣೆ ಪೀಠದ ಮೇಲೆ ಹಾಗೇ ಇತ್ತು.

ಪೂರ್ತಿ ಫೋಟೊ ಕೊಡಿ, ಬೇಡ ಅನ್ನುವುದಿಲ್ಲ. ಒಳಗಿನ ಜಾಗದ ಗುರುತು ತೆಗೆದು ಕೊಡಿ.

ಹಳೇಪುಸ್ತಕ

ಜಾಗ ಗೊತ್ತಿಲ್ಲದ ಶಾಸನಕ್ಕೆ ಅರ್ಧ ಬೆಲೆ ಅಮ್ಮ. ಸಂಶೋಧನೆ ಮಾಡುವವರಿಗೆ ಎಲ್ಲಿಯದು ಅಂತ ಬೇಕು.

ತರೀಕೆರೆ_ಅಮ್ಮ

ಊರು, ತಾಲ್ಲೂಕು ಬರೆಯಿರಿ. ಊರಿಗೆ ಬಂದು ನಾಲ್ಕು ಜನರನ್ನು ಕೇಳಿ ಹೋಗಲಿ. ಒಳ್ಳೆಯ ಉದ್ದೇಶಕ್ಕೆ ಬಂದವರು ಊರಿನವರನ್ನು ಕೇಳಲು ಹೆದರುವುದಿಲ್ಲ.

ಹಳೇಪುಸ್ತಕ

ಅದು ಸರಿ. ಒಪ್ಪಿದೆ.

ಕೋಡ್_ಕಾಫಿ

ಇದು ಸುಲಭ. ಅಪ್‌ಲೋಡ್ ಆದ ಕೂಡಲೇ ಜಾಗದ ಗುರುತು ಅಳಿಸಬಹುದು. ದಿನಾಂಕ, ಕ್ಯಾಮೆರಾ ವಿವರ ಉಳಿಸಿಕೊಳ್ಳಬಹುದು. ಫೋಟೊದ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ.

ವಿಕಿ_ಹಳಬ

ಅಭಿಪ್ರಾಯ ಕೇಳುವ ಬಗ್ಗೆ ಒಂದು ಮಾತು. 2014ರಲ್ಲಿ ವಿಕಿಪೀಡಿಯದವರು ಮೀಡಿಯಾ ವ್ಯೂವರ್ ತಂದಾಗ ಇದೇ ಗಲಾಟೆ ಆಗಿತ್ತು. ಅಲ್ಲೂ ಫೋಟೊ ಒತ್ತಿದರೆ ಕಪ್ಪು ಪರದೆ. ವ್ಯೂವರ್ ಒಳಗೇ ಸಮೀಕ್ಷೆ ಇಟ್ಟಿದ್ದರು. ಇಂಗ್ಲಿಷ್, ಜರ್ಮನ್ ವಿಕಿಪೀಡಿಯದಲ್ಲಿ ಬರೆಯುವವರು ಬಲವಾಗಿ ವಿರೋಧಿಸಿದರು, ಮತ ಹಾಕಿದರು. ಸುಮ್ಮನೆ ಓದಲು ಬರುವವರಿಗೆ ಬೇಕಾದದ್ದು ಒಂದು, ದಿನಾ ಕೆಲಸ ಮಾಡುವವರಿಗೆ ಬೇಕಾದದ್ದು ಇನ್ನೊಂದು. ಇಬ್ಬರ ಉತ್ತರವನ್ನೂ ಒಂದೇ ಬುಟ್ಟಿಗೆ ಹಾಕಿ ಎಣಿಸಿದರೆ ಏನೂ ತಿಳಿಯುವುದಿಲ್ಲ. ಈಗಲೂ ಅಲ್ಲಿ ಬೇಡದವರು ವ್ಯೂವರ್ ಆಫ್ ಮಾಡಿಕೊಳ್ಳಬಹುದು. ವಿಕಿಪೀಡಿಯದ ಫೋಟೊಗಳನ್ನು ಇಡುವ ಕಾಮನ್ಸ್ ತಾಣದ ಪುಟಕ್ಕೆ ಹೋದರೆ ಫೋಟೊ ಕೆಳಗೇ ಬೇರೆ ಬೇರೆ ಅಳತೆಗಳ ಲಿಂಕು, ಒರಿಜಿನಲ್‌ನ ಪಿಕ್ಸೆಲ್ ಮತ್ತು ಎಂಬಿ ಎಲ್ಲ ಬರೆದಿರುತ್ತದೆ.

ನೀವೂ ಈ ಎಳೆಯಲ್ಲಿ ಬಂದ ಉತ್ತರ ಮಾತ್ರ ನಂಬಬೇಡಿ. ಇಲ್ಲಿ ಬರೆಯುವವರು ಹೇಗೋ ದಾರಿ ಹುಡುಕಿಕೊಂಡವರು. ದಾರಿ ಸಿಗದವರು ಇಲ್ಲಿಗೆ ಬರುವುದೇ ಇಲ್ಲ.

ಹಲ್ಮಿಡಿ_ಪಕ್ಕದೂರು

ಈ ಮಾತಿಗೆ ನನ್ನ ಮನೆಯದೇ ಉದಾಹರಣೆ ಇದೆ. ಹಲ್ಮಿಡಿ ಶಾಸನದ ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿ ಇರುವುದು ಪ್ರತಿರೂಪ. ಮೂಲದ್ದು ನೋಡಬೇಕು ಅಂತ ನಮ್ಮ ಅತ್ತೆಗೆ ಬಹಳ ದಿನದ ಆಸೆ. ಅವರಿಗೆ ಎಪ್ಪತ್ತೊಂದು. ಮೊಬೈಲ್ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತೆ. ಬಾಯಿ ಬಿಡಬಾರದು ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಫೋಟೊ ಒತ್ತಿದರು, ಕಪ್ಪು ಪರದೆ ಬಂತು. ಎರಡು ಬೆರಳಲ್ಲಿ ಅಗಲ ಮಾಡಲು ಹೋದರು. ಅವರ ಕೈ ಸ್ವಲ್ಪ ನಡುಗುತ್ತದೆ, ಅಷ್ಟಕ್ಕೇ ಮುಂದಿನ ಫೋಟೊಗೆ ಜಾರಿತು. ಹಿಂದೆ ಬಂದರು. ಮತ್ತೆ ಜಾರಿತು. ಮೂರನೇ ಸಲ ಫೋಟೊ ಮೇಲೆ ಬೆರಳು ಒತ್ತಿ ಹಿಡಿದು ಏನಾದರೂ ಬರುತ್ತದಾ ಅಂತ ಕಾದರು. ಏನೂ ಬರಲಿಲ್ಲ. ಆ ಮೂರು ಚುಕ್ಕಿ ಕಡೆ ಒಂದು ಸಲವೂ ನೋಡಲಿಲ್ಲ. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು "ನನ್ನ ಕಣ್ಣೇ ಸರಿ ಇಲ್ಲ ಬಿಡವ್ವ" ಅಂತ ಮೊಬೈಲ್ ವಾಪಸ್ ಕೊಟ್ಟರು.

ನೀವು ಅವರನ್ನು ಕೇಳಿದ್ದರೆ "ಚೆನ್ನಾಗಿದೆ ಕಣಪ್ಪ" ಅಂತಲೇ ಹೇಳುತ್ತಿದ್ದರು.

ಬೇಲೂರು_ಗೈಡ್

ಅಕ್ಕ, ಓದಿ ಮನಸ್ಸಿಗೆ ಕಷ್ಟ ಆಯಿತು.

ಕಲ್ಲುಬರಹ_ಹಾಸನ

ಎರಡು ದಿನದಿಂದ ಎಲ್ಲವನ್ನೂ ಓದಿದೆ. ಅತ್ತೆಯವರ ವಿಷಯ ಓದಿದ ಮೇಲೆ ನಾವೂ ಹಾಗೇ ಮಾಡಿದೆವು. ನಮ್ಮ ಗುಂಪಿನವರು ಒಬ್ಬೊಬ್ಬರೂ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಒಬ್ಬರ ಕೈಗೆ ಮೊಬೈಲ್ ಕೊಟ್ಟು ಸುಮ್ಮನೆ ನೋಡಿದೆವು. ಮೂರು ಚುಕ್ಕಿಯನ್ನು ಒಬ್ಬರೂ ಮುಟ್ಟಲಿಲ್ಲ.

ಮುಂದಿನ ತಿಂಗಳವರೆಗೆ ಕಾಯುವುದು ಬೇಡ ಅನ್ನಿಸಿ ಇವತ್ತು ಒಂದೇ ಒಂದು ವೀರಗಲ್ಲಿನ ಫೋಟೊಗೆ ಹೊಸದಾಗಿ ಮಾಡಿ ಇಟ್ಟಿದ್ದೇವೆ. ಫೋಟೊ ಕೆಳಗೇ ಕನ್ನಡದಲ್ಲಿ ದಪ್ಪ ಬಟನ್, "ಪೂರ್ತಿ ಫೋಟೊ ಇಳಿಸಿಕೊಳ್ಳಿ, 6.8 ಎಂಬಿ". ಜೂಮ್ ಮಾಡಲು ಬೆರಳಿನ ಜೊತೆಗೆ ಪ್ಲಸ್, ಮೈನಸ್ ಗುಂಡಿ. ಜೂಮ್‌ನಲ್ಲಿ ಇರುವಾಗ ಪಕ್ಕದ ಫೋಟೊಗೆ ಜಾರುವುದಿಲ್ಲ. ಕೋಡ್_ಕಾಫಿ ರಾತ್ರಿ ಕೂತು ಚೂರುಗಳನ್ನು ಮಾಡಿಕೊಟ್ಟರು. ಇಳಿಯುವುದು ಅರ್ಧಕ್ಕೆ ನಿಂತರೆ ನಿಂತಲ್ಲಿಂದಲೇ ಮುಂದುವರಿಯಬೇಕು, ಅದನ್ನು ಸಿಗ್ನಲ್ ಇಲ್ಲದ ಕಡೆ ಪರೀಕ್ಷೆ ಮಾಡುವವರು ಬೇಕು. ಜಾಗದ ಗುರುತು ಎಲ್ಲಾ ಫೋಟೊಗಳಿಂದಲೂ ಇವತ್ತೇ ತೆಗೆದಿದ್ದೇವೆ ಅಮ್ಮ.

ಗಿರಿಯ_ಕ್ಯಾಮೆರಾ

ಬೆಟ್ಟದ ಫೋಟೊಗಳಿಗೆ ನನ್ನದು ಈಗಲೂ "ಬೇಡ". ಶಾಸನ, ಗುಡಿಯದಕ್ಕೆಲ್ಲ ಪೂರ್ತಿ ಸೈಜ್ ತೆರೆದಿಡಿ. ಅಮೃತಾಪುರದ್ದು ಇನ್ನೂ ದೊಡ್ಡ ಒರಿಜಿನಲ್ ನನ್ನ ಬಳಿ ಇದೆ, ಕಳಿಸುತ್ತೇನೆ.

ಹಲ್ಮಿಡಿ_ಪಕ್ಕದೂರು

ಅತ್ತೆ ಪ್ಲಸ್ ಗುಂಡಿ ತಾವೇ ಕಂಡುಹಿಡಿದರು. ನಾನು ಏನೂ ಹೇಳಲಿಲ್ಲ. ವೀರಗಲ್ಲಿನ ಮೇಲಿನ ಪಟ್ಟಿಯಲ್ಲಿ ಚಾಮರ ಹಿಡಿದವರನ್ನು ಎಣಿಸುತ್ತಾ ಕೂತಿದ್ದಾರೆ. ಹಲ್ಮಿಡಿಯದಕ್ಕೂ ಬೇಗ ಮಾಡಿ, ದಿನಾ ಕೇಳುತ್ತಾರೆ.

ತೋಟದಮನೆ_ಮೂಡಿಗೆರೆ

ಕಣದ ಮೂಲೆಯಲ್ಲಿ ನಿಂತು ಬಟನ್ ಒತ್ತಿದೆ. ನಾಲ್ಕು ಎಂಬಿ ಆದಾಗ ಸಿಗ್ನಲ್ ಹೋಯಿತು. ಊಟ ಮುಗಿಸಿ ಬಂದು ನೋಡಿದರೆ ನಾಲ್ಕರಿಂದಲೇ ಮುಂದೆ ಹೋಗಿ ಪೂರ್ತಿ ಆಗಿತ್ತು.

ಲಿಪಿ_ಓದುವವ

ನಾನೂ ಇಳಿಸಿಕೊಂಡೆ. ಎರಡನೇ ಸಾಲಿನ ಕೊನೆಯಲ್ಲಿ ನಾನು ಸೊನ್ನೆ ಅಂತ ಓದಿದ್ದು ಸೊನ್ನೆ ಅಲ್ಲ, ಚಕ್ಕೆ ಎದ್ದದ್ದು. ಬಲಗಡೆ ಅಂಚು ಚೂಪಾಗಿ ಓಡಿದೆ. ನಿಮ್ಮ ಪುಟದಲ್ಲಿ ನಾನು ಕೊಟ್ಟ ಪಾಠ ತಿದ್ದಬೇಕು, ಇವತ್ತು ರಾತ್ರಿ ಕಳಿಸುತ್ತೇನೆ.